ಕನ್ನಡ ನಾಡಿನ ಬೌದ್ಧ ಮೂರ್ತಿಗಳ ಲಕ್ಷಣವಿಚಾರ

ಸಂಸ್ಕೃತ ಪಾಠಶಾಲೆಗಳಲ್ಲಿ ಓದಿದವರಿಗೆ ಅಮರಕೋಶವು ಕಂಠಸ್ಥವಾಗಿರುವುದು ಸಾಮಾನ್ಯ. ಅದರ ಸ್ವರ್ಗವರ್ಗದಲ್ಲಿ ದೇವತೆಗಳ ಮತ್ತು ಅಸುರರ ಹೆಸರುಗಳು ಮುಗಿದ ಕೂಡಲೆ ಬುದ್ಧನ ಹೆಸರುಗಳು ಬರುವುವು. ಸರ್ವಜ್ಞ, ಸುಗತ, ತಥಾಗತ, ಮಾರಜಿತ್, ಶಾಕ್ಯಮುನಿ ಎಂಬಿವೆಲ್ಲ ಆದ ತರುವಾಯವೇ ಬ್ರಹ್ಮನ ಹೆಸರುಗಳಿಗೆ ಸರದಿ. ಹೀಗಾಗಿ ವೈದಿಕ ಮನೆತನದ ಬಾಲಕನು ಕೂಡ ಬುದ್ಧನ ನಾಮಾವಳಿಯನ್ನು ಬ್ರಹ್ಮನ ನಾಮಾವಳಿಗಿಂತ ಮೊದಲೇ ಕಲಿತಿರುತ್ತಾನೆ. ಆದರೆ ಅದೇ ಬಾಲಕನು ದೊಡ್ಡವನಾಗಿ, ಯಾವುದಾದರೊಂದು ದೇವಾಲಯದ ಪೌಳಿಯಲ್ಲಿ ಬೌದ್ಧ ಮೂರ್ತಿಯೊಂದನ್ನು ಕಂಡರೆ, ಅದು ಯಾರದೆಂದು ಹೇಳಲಾರನು. ಹೆಸರು ನಾಲಗೆಯಲ್ಲಿ ಉಳಿದು ರೂಪವು ಕಣ್ಣಿಗೆ ಅಪರಿಚಿತವಾದ ಈ ಸ್ಥಿತಿಯು ಒಬ್ಬಿಬ್ಬರದಲ್ಲ, ಇಡಿಯ ನಾಡಿನದು.

ಕಬಕ, ಪುತ್ತೂರು, ಸುಳ್ಯ, ಕಡಬದ ಸೀಮೆಯವರು ಇದಕ್ಕೆ ದೃಷ್ಟಾಂತವನ್ನು ದೂರ ಹುಡುಕಬೇಕಾಗಿಲ್ಲ. ಮಂಗಳೂರಿಗೆ ಹೋದವರು ಕದಿರೆಯ ಮಂಜುನಾಥನ ದರ್ಶನ ಮಾಡಿ ಬರುವುದು ಈ ಕಡೆಯ ವಾಡಿಕೆ. ಅಲ್ಲಿ ಮೂರು ಮುಖ, ಆರು ಕೈಗಳುಳ್ಳ ಭವ್ಯವಾದ ಲೋಹಮೂರ್ತಿಯೊಂದು ಇದೆ. ಅದರ ಪೀಠದ ಶಾಸನವು ಅದನ್ನು ಲೋಕೇಶ್ವರನೆಂದು ಕರೆಯುವುದು. ಜನರ ಬಾಯಿ ಅದನ್ನು ಬಹುಕಾಲ ಬ್ರಹ್ಮನೆಂದು ಕರೆಯಿತು. ಪೀಠದ ಮಾತೂ ಜನರ ಮಾತೂ ಹೀಗೆ ಬೇರೆಯಾದುದೇಕೆ? ಮೂರ್ತಿಯನ್ನು ಗುರುತಿಸುವುದು ಯಾವುದರಿಂದ, ಹೆಸರಿನಿಂದಲೋ, ಪೂಜೆಯಿಂದಲೋ, ಲಕ್ಷಣದಿಂದಲೋ? ಈ ಪ್ರಶ್ನೆಗೆ ಉತ್ತರವನ್ನು ಕದಿರೆಯ ಲೋಹದಲ್ಲಿ ಮಾತ್ರ ಹುಡುಕಿದರೆ ಸಾಲದು. ಬೌದ್ಧ ಶಿಲ್ಪವು ಮೊದಲು ಬೆಳೆದುದು ಕಲ್ಲಿನಲ್ಲಿ. ಆ ಕಲ್ಲಿನ ಕಥೆಯ ಬಹುಮುಖ್ಯವಾದ ಅಧ್ಯಾಯವೊಂದು ಕನ್ನಡ ನಾಡಿನ ಉತ್ತರದ ತುದಿಯಲ್ಲಿ, ಭೀಮಾನದಿಯ ದಡದಲ್ಲಿ ದೊರೆತಿರುವುದು. ಆದುದರಿಂದ ವಿಚಾರವನ್ನು ಅಲ್ಲಿಂದಲೇ ಆರಂಭಿಸುವುದು ಯುಕ್ತ.

೧. ಬರಿದಾದ ಪೀಠ

ಬೌದ್ಧ ಶಿಲ್ಪದ ಮೊದಲ ಕಾಲದಲ್ಲಿ ಬುದ್ಧನ ಮೂರ್ತಿಯೇ ಇರಲಿಲ್ಲವೆಂಬುದು ಇಂದಿನ ಓದುಗರಿಗೆ ಸೋಜಿಗವಾಗಿ ತೋರಬಹುದು. ಭಾರ್ಹುತ ಮತ್ತು ಸಾಂಚಿಯ ಶಿಲ್ಪಿಗಳು ಬುದ್ಧಚರಿತೆಯನ್ನು ಮೊದಲಿಂದ ಕೊನೆಯವರೆಗೆ ಕೆತ್ತಿದರೂ ಬುದ್ಧನ ಶರೀರವನ್ನು ಮಾತ್ರ ಕೆತ್ತಲಿಲ್ಲ. ಆತನು ಮನೆಬಿಟ್ಟು ಹೊರಟ ರಾತ್ರಿಯನ್ನು ತೋರಿಸುವಾಗ ಕುದುರೆಯುಂಟು, ಅದರ ಮೇಲೆ ಹಿಡಿದ ಕೊಡೆಯುಂಟು, ಸವಾರನಿಲ್ಲ. ಬೋಧಿ ಪಡೆದ ಪ್ರಸಂಗಕ್ಕೆ ಅಶ್ವತ್ಥವೃಕ್ಷವೂ ಅದರಡಿಯಲ್ಲಿ ಬರಿದಾದ ವಜ್ರಾಸನವೂ ಸಾಕು. ಮೊದಲ ಉಪದೇಶಕ್ಕೆ ಧರ್ಮಚಕ್ರವೂ ಅದರ ಇಕ್ಕೆಲದ ಜಿಂಕೆಗಳೂ, ಪರಿನಿರ್ವಾಣಕ್ಕೆ ಸ್ತೂಪ, ಆತನು ನಡೆದಾಡಿದನೆಂಬುದಕ್ಕೆ ಚಕ್ರಚಿಹ್ನೆಯುಳ್ಳ ಎರಡು ಹೆಜ್ಜೆಗುರುತುಗಳು. ಸುತ್ತಲೂ ಕೈಮುಗಿದ ಸ್ತ್ರೀಪುರುಷರು, ಹೂಮಾಲೆ ತಂದ ದೇವತೆಗಳು, ಮಂಡಿಯೂರಿದ ನಾಗರು ಕಿಕ್ಕಿರಿದು ತುಂಬಿರುವರು. ನಡುವಿನ ಪೀಠ ಮಾತ್ರ ಬರಿದು.

ಇದು ಶಿಲ್ಪಿಯ ಅಶಕ್ತಿಯಲ್ಲ. ಆನೆಯನ್ನೂ ಯಕ್ಷಿಯನ್ನೂ ಜೀವ ತುಂಬಿ ಕೆತ್ತಬಲ್ಲವನಿಗೆ ಒಬ್ಬ ಭಿಕ್ಷುವನ್ನು ಕೆತ್ತುವುದು ಕಷ್ಟವೆ? ಪರಿನಿರ್ವಾಣ ಹೊಂದಿದವನನ್ನು ಮರಳಿ ಶರೀರದಲ್ಲಿ ತೋರಿಸುವುದಕ್ಕೆ ಹಿಂಜರಿದರೆಂದು ಕೆಲವು ವಿದ್ವಾಂಸರು ಹೇಳುವರು. ಅವು ಬುದ್ಧನ ಚರಿತೆಗಿಂತ ಹೆಚ್ಚಾಗಿ ಯಾತ್ರಿಕರು ಪೂಜಿಸುತ್ತಿದ್ದ ಪುಣ್ಯಸ್ಥಳಗಳ ಚಿತ್ರಗಳೆಂದು ಮತ್ತೆ ಕೆಲವರು ವಾದಿಸುವರು. ಯಾವ ಪಕ್ಷವನ್ನು ಹಿಡಿದರೂ ಒಂದು ಸಂಗತಿಯು ಸ್ಪಷ್ಟ. ಈ ಶಿಲ್ಪವು ನೋಡುವವನಿಗೆ ಕಥೆ ಮೊದಲೇ ತಿಳಿದಿದೆಯೆಂಬ ನಂಬಿಕೆಯ ಮೇಲೆ ನಿಂತಿರುವುದು. ಕಥೆ ತಿಳಿಯದವನಿಗೆ ಅಲ್ಲಿ ಕಾಣುವುದು ಒಂದು ಮರ, ಒಂದು ಕಲ್ಲು, ಸುತ್ತ ನಾಲ್ಕು ಜನ. ಎಂದರೆ ಲಕ್ಷಣವನ್ನು ಓದಬಲ್ಲ ಸಮಾಜವು ಇರುವವರೆಗೆ ಮಾತ್ರ ಆ ಶಿಲ್ಪವು ಮಾತಾಡುವುದು.

೨. ಸನ್ನತಿ ಮತ್ತು ಕನಗನಹಳ್ಳಿ

ಕಲಬುರಗಿ ಜಿಲ್ಲೆಯ ಚಿತ್ತಾಪುರ ಸೀಮೆಯ ಸನ್ನತಿಯು ಚಂದ್ರಲಾಂಬೆಯ ಕ್ಷೇತ್ರವೆಂದು ಪ್ರಸಿದ್ಧವಾದ ಊರು. ಅಲ್ಲಿ ಬೌದ್ಧ ಅವಶೇಷಗಳಿರುವ ಸಂಗತಿಯನ್ನು ೧೯೫೪ರಲ್ಲಿ ಕಪಟರಾಳ ಕೃಷ್ಣರಾಯರು ಬೆಳಕಿಗೆ ತಂದರು. ಅದಕ್ಕೂ ದೊಡ್ಡ ಬೆಳಕು ಬಿದ್ದುದು ಒಂದು ಅನಾಹುತದಿಂದ. ೧೯೮೬ರಲ್ಲಿ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿದ್ದ ಕಾಳಿಯ ಗುಡಿಯ ಮಾಡು ಕುಸಿದು ವಿಗ್ರಹವು ಭಗ್ನವಾಯಿತು. ವಿಗ್ರಹದ ಕೆಳಗಿದ್ದ ಪೀಠದ ಕಲ್ಲನ್ನು ನೋಡಿದರೆ ಅದರ ಎರಡು ಮೈಯಲ್ಲಿಯೂ ಬ್ರಾಹ್ಮೀ ಅಕ್ಷರಗಳು. ಓದಿದರೆ ಅಶೋಕನ ಧರ್ಮಶಾಸನ! ದೇವಿಯ ವಿಗ್ರಹವನ್ನು ನಿಲ್ಲಿಸುವ ಸಲುವಾಗಿ ಆ ಶಾಸನದ ನಡುವೆ ಕುಳಿ ಕೊರೆದು ಅಕ್ಷರಗಳನ್ನು ಕಡಿದುಹಾಕಿದ್ದರು.

ಆ ಕಲ್ಲಿನ ಮೇಲಿರುವ ಶಾಸನಗಳಲ್ಲಿ ಹನ್ನೆರಡನೆಯ ಬಂಡೆಶಾಸನವೂ ಒಂದು. ಪರರ ಮತವನ್ನು ಕಾರಣವಿಲ್ಲದೆ ಹಳಿಯಬಾರದು, ಎಲ್ಲ ಪಂಥದವರೂ ಒಬ್ಬರ ಧರ್ಮವನ್ನು ಇನ್ನೊಬ್ಬರು ಕಿವಿಗೊಟ್ಟು ಕೇಳಬೇಕು ಎಂಬುದೇ ಅದರ ತಾತ್ಪರ್ಯ. ಆ ಕಲ್ಲನ್ನು ಪೀಠಕ್ಕೆ ಆರಿಸಿಕೊಂಡವರಲ್ಲಿ ದ್ವೇಷವಿದ್ದಿತೆಂದು ಹೇಳಲು ಆಧಾರವಿಲ್ಲ. ಅವರಿಗೆ ಬೇಕಾದುದು ಅಗಲವಾದ, ಗಟ್ಟಿಯಾದ ಒಂದು ಚಪ್ಪಡಿ. ಅದರ ಮೇಲಿನ ಗೆರೆಗಳು ಅಕ್ಷರಗಳೆಂದು ಓದಬಲ್ಲವರು ಆ ವೇಳೆಗೆ ಊರಿನಲ್ಲಿ ಉಳಿದಿರಲಿಲ್ಲ.

ಸನ್ನತಿಗೆ ಹತ್ತಿರದಲ್ಲಿಯೇ ಕನಗನಹಳ್ಳಿಯ ಹೊಲಗಳ ನಡುವೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣದವರು ೧೯೯೪ರಿಂದ ೨೦೦೧ರವರೆಗೆ ನಡೆಸಿದ ಉತ್ಖನನದಲ್ಲಿ ಮಹಾಸ್ತೂಪವೊಂದು ಹೊರಬಿದ್ದಿತು. ಶಾಸನಗಳಲ್ಲಿ ಅದರ ಹೆಸರು ಅಧೋಲೋಕ ಮಹಾಚೈತ್ಯ. ಸ್ತೂಪದ ಮೈಗೆ ಹೊದಿಸಿದ ಶಿಲಾಫಲಕಗಳು ಒರಗಿ ಬಿದ್ದು, ಮುರಿದು, ಆದರೂ ಬಹುಮಟ್ಟಿಗೆ ತಮ್ಮ ಸ್ಥಳದಲ್ಲಿಯೇ ಉಳಿದಿದ್ದುವು. ಗುಮ್ಮಟದ ಮೈಯ ಫಲಕಗಳೇ ಸುಮಾರು ೬೦. ಸಾಮಗ್ರಿಯು ಆ ಪ್ರದೇಶದ ಸುಣ್ಣಶಿಲೆ. ಕಣವು ನುಣುಪಾದುದರಿಂದ ಆಭರಣದ ಮಣಿಗಳನ್ನೂ ಬಟ್ಟೆಯ ನಿರಿಗೆಗಳನ್ನೂ ಸೂಕ್ಷ್ಮವಾಗಿ ಬಿಡಿಸಲು ಅನುಕೂಲವಾದುದು.

ಈ ಫಲಕಗಳ ಶೈಲಿಯು ಕೃಷ್ಣಾತೀರದ ಅಮರಾವತಿಯ ಶಿಲ್ಪಕ್ಕೆ ಬಂಧುವಾದುದು. ಆದರೆ ಅಮರಾವತಿಯ ಪ್ರೌಢಕಾಲದ ಶಿಲ್ಪದಲ್ಲಿ ಕಾಣುವ ಬಳುಕು, ಒಬ್ಬರ ಮೇಲೊಬ್ಬರು ಬೀಳುವಂತಹ ಚಲನೆ, ಆಳವಾದ ಕೊರೆತ ಇವು ಇಲ್ಲಿನ ಹಳೆಯ ಫಲಕಗಳಲ್ಲಿ ಅಷ್ಟಾಗಿ ಇಲ್ಲ. ಇಲ್ಲಿ ಆಕೃತಿಗಳು ಹೆಚ್ಚು ಉಬ್ಬದೆ ಚಪ್ಪಟೆಯಾಗಿ, ನೋಡುವವನಿಗೆ ಎದುರಾಗಿ, ದೊಡ್ಡ ಮುಂಡಾಸು, ಭಾರವಾದ ಕುಂಡಲ, ಬಳೆಗಳೊಡನೆ ಗಂಭೀರವಾಗಿ ನಿಂತಿರುವುವು. ಫಲಕದ ಮೇಲ್ಭಾಗದಲ್ಲಿ ಒಂದು ಪ್ರಸಂಗ, ಕೆಳಭಾಗದಲ್ಲಿ ಇನ್ನೊಂದು. ನಡುವಿನ ಪಟ್ಟಿಯಲ್ಲಿ ಬ್ರಾಹ್ಮೀ ಲಿಪಿಯ ಪ್ರಾಕೃತ ಬರಹ. ಜಾತಕಕಥೆಗಳು, ಬುದ್ಧಚರಿತೆ, ಧರ್ಮಪ್ರಚಾರಕ್ಕೆಂದು ಹೊರಟ ಸ್ಥವಿರರು, ಶಾತವಾಹನ ರಾಜರು ಇವೆಲ್ಲ ಅಲ್ಲಿ ಉಂಟು. ಬೋಧಿವೃಕ್ಷ, ಧರ್ಮಚಕ್ರ, ಪಾದುಕೆಗಳೆಂಬ ಹಳೆಯ ಚಿಹ್ನೆಗಳೂ ಉಂಟು. ಮುಂದಿನ ಹಂತದಲ್ಲಿ ಸೇರಿಸಿದ ಬುದ್ಧನ ಮಾನುಷರೂಪದ ಮೂರ್ತಿಗಳೂ ಉಂಟು. ಚಿಹ್ನೆಯ ಯುಗದಿಂದ ಮೂರ್ತಿಯ ಯುಗಕ್ಕೆ ಬೌದ್ಧ ಶಿಲ್ಪವು ದಾಟಿದ ಹಾದಿಯನ್ನು ಒಂದೇ ಅಂಗಳದಲ್ಲಿ ನಿಂತು ನೋಡಬಹುದಾದ ಸ್ಥಳವಿದು.

೩. ಕಲ್ಲು ಹೇಳಿದ ಹೆಸರು

ಕನಗನಹಳ್ಳಿಯ ಫಲಕಗಳಲ್ಲಿ ಜಗತ್ಪ್ರಸಿದ್ಧವಾದುದು ಅಶೋಕನ ಫಲಕ. ರಾಜನೊಬ್ಬನು ರಾಣಿಯರ ಮತ್ತು ಪರಿಚಾರಿಕೆಯರ ನಡುವೆ ನಿಂತಿರುವನು. ಒಬ್ಬಳು ಛತ್ರವನ್ನು ಹಿಡಿದಿರುವಳು, ಇನ್ನೊಬ್ಬಳ ಕೈಯಲ್ಲಿ ಚಾಮರ. ಪಟ್ಟಿಯ ಮೇಲೆ ‘ರಾಯೋ ಅಸೋಕೋ’ ಎಂಬ ಎರಡೇ ಮಾತು.

ಈ ಎರಡು ಮಾತಿನ ಬೆಲೆಯನ್ನು ಅರಿಯಬೇಕಾದರೆ ಹಿಂದಿನ ಸಂಗತಿಯೊಂದನ್ನು ನೆನೆಯಬೇಕು. ಅಶೋಕನ ಶಾಸನಗಳಲ್ಲಿ ಬಹುತೇಕ ಎಲ್ಲವೂ ‘ದೇವಾನಾಂಪ್ರಿಯ ಪ್ರಿಯದರ್ಶಿ’ ಎಂಬ ಬಿರುದನ್ನು ಹೇಳುವುವೇ ಹೊರತು ಹೆಸರನ್ನು ಹೇಳುವುದಿಲ್ಲ. ಸಿಂಹಳದ ಗ್ರಂಥಗಳ ನೆರವಿನಿಂದ ಆ ಪ್ರಿಯದರ್ಶಿಯೇ ಅಶೋಕನೆಂದು ಊಹಿಸಿದ್ದರೂ ಶಾಸನದಲ್ಲಿ ಹೆಸರು ಸಿಕ್ಕಿರಲಿಲ್ಲ. ೧೯೧೫ರಲ್ಲಿ ರಾಯಚೂರು ಸೀಮೆಯ ಮಸ್ಕಿಯಲ್ಲಿ, ಚಿನ್ನದ ಗಣಿಯ ಎಂಜಿನಿಯರನಾದ ಬೀಡನ್ ಎಂಬವನು ಕಂಡುಹಿಡಿದ ಬಂಡೆಶಾಸನವು ಅಶೋಕನೆಂಬ ಹೆಸರನ್ನು ಸ್ಪಷ್ಟವಾಗಿ ಹೇಳಿತು. ಮುಂದೆ ಬಳ್ಳಾರಿ ಕಡೆಯ ನಿಟ್ಟೂರು, ಉಡೇಗೋಳಗಳ ಶಾಸನಗಳಲ್ಲಿಯೂ ಆ ಹೆಸರು ದೊರೆಯಿತು. ಹೆಸರಿಗೆ ಸಾಕ್ಷಿಯನ್ನು ಕೊಟ್ಟ ಕನ್ನಡ ನಾಡೇ ಕನಗನಹಳ್ಳಿಯಲ್ಲಿ ಹೆಸರುಳ್ಳ ಆಕೃತಿಯನ್ನೂ ಕೊಟ್ಟಿತು.

ಆದರೆ ಅದನ್ನು ಅಶೋಕನ ಮುಖದ ಪಡಿಯಚ್ಚೆಂದು ತಿಳಿಯಲಾಗದು. ಫಲಕವನ್ನು ಕೆತ್ತಿದುದು ಅಶೋಕನು ಕಾಲವಾಗಿ ಒಂದೆರಡು ಶತಮಾನಗಳಿಗೂ ಹೆಚ್ಚು ಸಂದ ಮೇಲೆ. ಛತ್ರಚಾಮರಗಳು ‘ಈತನು ರಾಜನು’ ಎಂದಷ್ಟೇ ಹೇಳುವುವು; ‘ಈ ರಾಜನು ಅಶೋಕನು’ ಎಂದು ಹೇಳುವುದು ಬರಹ. ಬರಹವನ್ನು ಅಳಿಸಿಬಿಟ್ಟರೆ ಅದು ಯಾವ ರಾಜನಾದರೂ ಆದೀತು. ಅದೇ ಸ್ತೂಪದಲ್ಲಿ ಶಾತವಾಹನರ ಸಿಮುಕ, ಸಾತಕಣಿ, ಪುಳುಮಾವಿ ಮೊದಲಾದವರು ಕೂಡ ಹೀಗೆ ಬರಹದಿಂದಲೇ ಗುರುತು ಸಿಕ್ಕವರು. ಒಂದು ಫಲಕದಲ್ಲಿ ಸಾತಕಣಿಯು ಮಹಾಚೈತ್ಯಕ್ಕೆ ಬೆಳ್ಳಿಯ ತಾವರೆಗಳನ್ನು ಅರ್ಪಿಸುತ್ತಿರುವನೆಂದು ಬರಹವು ತಿಳಿಸುವುದು.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಛತ್ರವು ಮನುಷ್ಯನ ಮೇಲಿದ್ದರೆ ಅವನು ರಾಜ; ಅದೇ ಛತ್ರವು ಬರಿದಾದ ಪೀಠದ ಮೇಲಿದ್ದರೆ ಅಲ್ಲಿರುವವನು ಬುದ್ಧ. ರಾಜನಿಗೆ ಬರಹದ ಸಹಾಯ ಬೇಕಾಯಿತು. ಬುದ್ಧನಿಗೆ ಆ ಕಾಲದಲ್ಲಿ ಶರೀರದ ಸಹಾಯವೂ ಬೇಕಾಗಲಿಲ್ಲ. ಅಷ್ಟರಮಟ್ಟಿಗೆ ಆ ಚಿಹ್ನೆಗಳು ಜನರಿಗೆ ಪರಿಚಿತವಾಗಿದ್ದುವು.

ಶಿಲ್ಪಿಯ ಹೆಸರೂ ಒಮ್ಮೊಮ್ಮೆ ಉಳಿದುಬಂದಿರುವುದುಂಟು. ಬನವಾಸಿಯ ಮಧುಕೇಶ್ವರ ದೇವಾಲಯದಲ್ಲಿರುವ ಐದು ಹೆಡೆಯ ನಾಗಶಿಲೆಯು ಚುಟು ವಂಶದ ಸಾತಕಣಿಯ ಹನ್ನೆರಡನೆಯ ವರ್ಷದ್ದು. ರಾಜಪುತ್ರಿಯೊಬ್ಬಳು ನಾಗಪ್ರತಿಮೆಯನ್ನೂ ಕೆರೆಯನ್ನೂ ವಿಹಾರವನ್ನೂ ದಾನವಾಗಿತ್ತಳೆಂದು ಅದರ ಪ್ರಾಕೃತ ಶಾಸನವು ಹೇಳುವುದು. ನಾಗವನ್ನು ಕೆತ್ತಿದವನು ದಾಮೋರಕನೆಂಬ ಆಚಾರ್ಯನ ಶಿಷ್ಯನಾದ ನಟಕ. ತುಳುನಾಡಿನ ನಾಗಬನಗಳಲ್ಲಿ ಕಲ್ಲಿನ ನಾಗನಿಗೆ ತನು ಎರೆಯುವವರು ಈ ಶಿಲೆಯನ್ನು ಕಂಡರೆ ಅದು ವಿಹಾರದಾನದ ಸಾಕ್ಷಿಯೆಂದು ತಟ್ಟನೆ ಊಹಿಸಲಾರರು.

೪. ಮೂರ್ತಿಯ ಲಕ್ಷಣ

ಕ್ರಿಸ್ತಶಕದ ಆರಂಭದ ಶತಮಾನಗಳಲ್ಲಿ ಬುದ್ಧನ ಮಾನುಷರೂಪವು ಎಲ್ಲೆಡೆ ರೂಢಿಗೆ ಬಂದಿತು. ವಾಯವ್ಯದ ಗಾಂಧಾರದಲ್ಲಿ ಎರಡು ಹೆಗಲನ್ನೂ ಮುಚ್ಚಿದ, ದಪ್ಪ ನಿರಿಗೆಯ ಚೀವರ, ಅಲೆಅಲೆಯಾದ ಕೂದಲು. ಮಥುರೆಯಲ್ಲಿ ಕೆಂಪು ಮರಳುಗಲ್ಲಿನ ತುಂಬಿದ ಮೈ. ಅಮರಾವತಿಯ ಕಡೆ ಬಲಹೆಗಲನ್ನು ಬಿಟ್ಟು ಎಡಗೈಯಲ್ಲಿ ಸೆರಗನ್ನು ಎತ್ತಿಹಿಡಿದ, ಪಾದದ ಬಳಿ ದಪ್ಪ ಮಡಿಕೆಯಾಗಿ ಇಳಿದ ಚೀವರ. ಐದನೆಯ ಶತಮಾನದ ಸಾರಾನಾಥದಲ್ಲಿ ನಿರಿಗೆಗಳು ಮಾಯವಾಗಿ ಚೀವರವು ಮೈಗೆ ಅಂಟಿದಂತಾಯಿತು. ದೇಶಭೇದದಿಂದ ಶೈಲಿ ಬೇರೆಯಾದರೂ ಲಕ್ಷಣಗಳು ಒಂದೇ. ನೆತ್ತಿಯ ಮೇಲೆ ಉಷ್ಣೀಷ, ಹುಬ್ಬುಗಳ ನಡುವೆ ಊರ್ಣಾ, ಜೋಲಿದ ಕಿವಿ, ಅಂಗೈ ಅಂಗಾಲುಗಳಲ್ಲಿ ಚಕ್ರ ಅಥವಾ ಪದ್ಮ, ಮೈಮೇಲೆ ಆಭರಣವಿಲ್ಲದ ಚೀವರ.

ಕೈಗಳ ಮುದ್ರೆಗಳಿಂದ ಪ್ರಸಂಗವು ತಿಳಿಯುವುದು. ಬಲಗೈ ನೆಲವನ್ನು ಮುಟ್ಟಿದ್ದರೆ ಮಾರವಿಜಯ. ಎರಡೂ ಕೈ ಎದೆಯ ಬಳಿ ಚಕ್ರವನ್ನು ತಿರುಗಿಸುವಂತಿದ್ದರೆ ಧರ್ಮೋಪದೇಶ. ಅಂಗೈ ಎದುರಾಗಿ ಎತ್ತಿದ್ದರೆ ಅಭಯ. ಮಡಿಲಲ್ಲಿ ಒಂದರ ಮೇಲೊಂದಿದ್ದರೆ ಧ್ಯಾನ.

ಇವನ್ನು ಬೌದ್ಧರು ಮಾತ್ರವೇ ಬಲ್ಲವರಾಗಿರಲಿಲ್ಲ. ಆರನೆಯ ಶತಮಾನದ ವರಾಹಮಿಹಿರನು ಸೂರ್ಯೋಪಾಸಕನು, ಜ್ಯೋತಿಷಿ. ಆದರೂ ತನ್ನ ಬೃಹತ್ಸಂಹಿತೆಯ ಪ್ರತಿಮಾಲಕ್ಷಣದಲ್ಲಿ ವಿಷ್ಣು, ಶಿವ, ಬ್ರಹ್ಮರ ಲಕ್ಷಣಗಳೊಡನೆ ಬುದ್ಧನಿಗೂ ಜಿನನಿಗೂ ಲಕ್ಷಣ ಹೇಳಿರುವನು. ಬುದ್ಧನ ಕೈಕಾಲುಗಳಲ್ಲಿ ಪದ್ಮದ ಗುರುತಿರಬೇಕು, ಆಕಾರವು ಪ್ರಸನ್ನವಾಗಿರಬೇಕು, ಕೂದಲು ಗಿಡ್ಡವಾಗಿರಬೇಕು, ಪದ್ಮಾಸನದಲ್ಲಿ ಕುಳಿತು ಜಗತ್ತಿಗೆ ತಂದೆಯಂತೆ ತೋರಬೇಕು ಎಂಬುದು ಅವನ ವಿಧಿ. ಮೊದಲಿನವು ಉಳಿಗೆ ದಕ್ಕುವ ಲಕ್ಷಣಗಳು. ಕೊನೆಯದು ಶಿಲ್ಪಿಯ ಅಂತಃಕರಣಕ್ಕೆ ಬಿಟ್ಟುದು. ಪರಮತದ ಮೂರ್ತಿಗೂ ಇಷ್ಟು ಆದರದಿಂದ ಲಕ್ಷಣ ಬರೆದ ಆ ವಿದ್ವತ್ತೆಯು ಪಾಠಪರಂಪರೆಯಲ್ಲಿ ಉಳಿದುಬಂದಿದ್ದರೆ ಎಷ್ಟೋ ಮೂರ್ತಿಗಳು ಹೆಸರು ಕಳೆದುಕೊಳ್ಳುತ್ತಿರಲಿಲ್ಲ.

ದಕ್ಷಿಣ ಕನ್ನಡದವರಿಗೆ ಈ ವಿವೇಕವು ಬೇರೊಂದು ಕಾರಣದಿಂದಲೂ ಅವಶ್ಯವಾದುದು. ಮೂಡುಬಿದಿರೆಯ ಬಸದಿಗಳು, ೧೪೩೨ರ ಕಾರ್ಕಳದ ಗೊಮ್ಮಟ, ೧೬೦೪ರ ವೇಣೂರಿನ ಗೊಮ್ಮಟ ಇವುಗಳಿಂದ ಜೈನಶಿಲ್ಪವು ಇಲ್ಲಿ ಕಣ್ಣಿಗೆ ರೂಢಿಯಾದುದು. ಆದುದರಿಂದ ಹೊಲದಲ್ಲೋ ತೋಟದಲ್ಲೋ ಪದ್ಮಾಸನದ ಮುರುಕು ಮೂರ್ತಿಯೊಂದು ಸಿಕ್ಕಿದರೆ ಒಬ್ಬರು ಅದನ್ನು ಬುದ್ಧನೆನ್ನುವರು, ಒಬ್ಬರು ಜಿನನೆನ್ನುವರು, ಮತ್ತೊಬ್ಬರು ಯಾರೋ ಋಷಿಯೆನ್ನುವರು. ನಿರ್ಣಯಕ್ಕೆ ದಾರಿಯುಂಟು. ದಿಗಂಬರ ಜಿನನ ಮೈಮೇಲೆ ವಸ್ತ್ರದ ಗೆರೆಯೇ ಇರದು. ಬುದ್ಧನ ಎಡಹೆಗಲ ಮೇಲೆ ಚೀವರದ ಅಂಚಾದರೂ ಕಾಣುವುದು. ಕುಳಿತ ಜಿನನ ಕೈಗಳು ಯಾವಾಗಲೂ ಧ್ಯಾನದಲ್ಲಿ ಮಡಿಲಲ್ಲಿರುವುವು. ಬುದ್ಧನ ಕೈಗಳು ನೆಲ ಮುಟ್ಟಬಹುದು, ಅಭಯ ನೀಡಬಹುದು. ನಿಂತ ಜಿನನದು ಕಾಯೋತ್ಸರ್ಗ, ತೋಳುಗಳು ನೇರವಾಗಿ ಇಳಿಬಿದ್ದಿರುವುವು. ತಲೆಯ ಮೇಲೆ ಮುಕ್ಕೊಡೆ. ನಾಗನ ಹೆಡೆಯೊಂದನ್ನೇ ಕಂಡು ಪಾರ್ಶ್ವನಾಥನೆಂದು ತೀರ್ಮಾನಿಸಲಾಗದು. ಮುಚಲಿಂದನೆಂಬ ನಾಗನು ಮಳೆಯಲ್ಲಿ ಬುದ್ಧನಿಗೂ ಹೆಡೆಯೆತ್ತಿದವನು. ಒಂದು ಲಕ್ಷಣದಿಂದ ನಿರ್ಣಯಿಸದೆ ಎಲ್ಲವನ್ನೂ ಕೂಡಿಸಿ ನೋಡುವುದೇ ಶಾಸ್ತ್ರ.

೫. ಮೂರ್ತಿಗಳ ಬಹುತ್ವ

ಮಹಾಯಾನ, ವಜ್ರಯಾನಗಳು ಬೆಳೆದಂತೆ ಬುದ್ಧನೊಬ್ಬನಿಗೆ ಬದಲಾಗಿ ಬೋಧಿಸತ್ತ್ವರೂ ತಾರೆಯರೂ ಪೂಜೆಗೆ ಬಂದರು. ಕನ್ನಡ ನಾಡಿನಲ್ಲಿಯೂ ಈ ಹಾದಿಯು ಕಾಣುವುದು. ಐಹೊಳೆಯ ಮೇಗುಟಿ ಗುಡ್ಡದ ಎರಡಂತಸ್ತಿನ ಬೌದ್ಧಾಲಯದ ಛತ್ತಿನಲ್ಲಿ ಕೊಡೆಯಡಿಯಲ್ಲಿ ಕುಳಿತ ಬುದ್ಧನುಂಟು. ಬಳ್ಳಿಗಾವೆಯಲ್ಲಿ ೧೦೬೫ರಲ್ಲಿ ಚಾಳುಕ್ಯ ಆಹವಮಲ್ಲನ ಅಧಿಕಾರಿ ರೂಪಭಟ್ಟಯ್ಯನು ಜಯಂತಿ ಬೌದ್ಧವಿಹಾರವನ್ನು ಕಟ್ಟಿಸಿ, ತಾರಾಭಗವತಿ, ಕೇಶವ, ಲೋಕೇಶ್ವರ, ಬುದ್ಧರ ಪೂಜೆಗೆ ದತ್ತಿ ಬಿಟ್ಟನು. ೧೦೯೫ರ ಡಂಬಳದ ಶಾಸನವು ತಾರಾದೇವಾಲಯವನ್ನು ಹೇಳುವುದು. ಬಳ್ಳಿಗಾವೆಯ ಪಟ್ಟಿಯಲ್ಲಿ ಕೇಶವನೂ ಬುದ್ಧನೂ ಒಂದೇ ವಿಹಾರದ ಪೂಜೆಯಲ್ಲಿ ಸೇರಿರುವುದನ್ನು ವಾಚಕರು ಗಮನಿಸಬೇಕು. ಮೂರ್ತಿಗಳ ನಡುವಣ ಗಡಿಯು ಆಗಲೇ ತೆಳುವಾಗಿತ್ತು. ಹಲವು ಕೈ, ಹಲವು ಮುಖ, ಜಟೆ, ಮುಕುಟ, ಆಭರಣ ಇವು ಬೋಧಿಸತ್ತ್ವನಿಗೂ ಬಂದುವು. ದೂರದಿಂದ ನೋಡಿದವನಿಗೆ ಅವನಿಗೂ ಶಿವ, ವಿಷ್ಣು, ಬ್ರಹ್ಮರಿಗೂ ಭೇದ ತೋರದಾಯಿತು.

೬. ಕದಿರೆಯ ಲೋಕೇಶ್ವರ

ಈ ಹಿನ್ನೆಲೆಯಲ್ಲಿ ಕದಿರೆಗೆ ಬರಬಹುದು. ಅಲ್ಲಿನ ಲೋಕೇಶ್ವರನ ಪೀಠದ ಸಂಸ್ಕೃತ ಶಾಸನದ ಕಾಲ ಕಲಿವರ್ಷ ೪೦೬೮, ಎಂದರೆ ಕ್ರಿ. ಶ. ೯೬೮. ಆಳುಪ ರಾಜನಾದ ಕುಂದವರ್ಮನು ಕದಿರಿಕಾ ಎಂಬ ವಿಹಾರದಲ್ಲಿ ಲೋಕೇಶ್ವರನನ್ನು ಪ್ರತಿಷ್ಠಿಸಿದನೆಂದು ಅದು ತಿಳಿಸುವುದು. ಅದೇ ಶಾಸನವು ಆ ರಾಜನನ್ನು ಚಂದ್ರಶೇಖರನಾದ ಶಿವನ ಪಾದಕಮಲದ ಭೃಂಗವೆಂದು ವರ್ಣಿಸಿದೆ. ಶಿವಭಕ್ತನಾದ ರಾಜನು ಬೌದ್ಧ ವಿಹಾರದಲ್ಲಿ ಬೋಧಿಸತ್ತ್ವನನ್ನು ನಿಲ್ಲಿಸಿದುದರಲ್ಲಿ ಆ ಕಾಲದವರಿಗೆ ವಿರೋಧ ತೋರಲಿಲ್ಲ.

ಮೂರ್ತಿಯ ಎತ್ತರವು ಸುಮಾರು ಒಂದೂವರೆ ಮೀಟರು. ಪದ್ಮಾಸನ, ಮೂರು ಮುಖ, ಆರು ಕೈ, ಎತ್ತರವಾದ ಜಟಾಮುಕುಟ, ಅರೆಮುಚ್ಚಿದ ಕಣ್ಣು, ತುಟಿಯಲ್ಲಿ ತೋರಿಯೂ ತೋರದ ಮಂದಹಾಸ. ದಕ್ಷಿಣಭಾರತದ ಲೋಹಮೂರ್ತಿಗಳಲ್ಲಿ ಇದು ಅಗ್ರಗಣ್ಯವೆಂದು ಕಲಾವಿಮರ್ಶಕರು ಎಣಿಸಿರುವರು. ಕನಗನಹಳ್ಳಿಯ ಬರಿದಾದ ಪೀಠಕ್ಕೂ ಈ ಸರ್ವಾಲಂಕೃತ ಮೂರ್ತಿಗೂ ನಡುವೆ ಸುಮಾರು ಒಂದು ಸಾವಿರ ವರ್ಷಗಳ ಅಂತರ.

ತರುವಾಯ ಕದಿರೆಯು ನಾಥಪಂಥದ ಯೋಗಿಗಳ ಕೇಂದ್ರವಾಯಿತು; ಮತ್ಸ್ಯೇಂದ್ರನಾಥ, ಗೋರಕ್ಷನಾಥರ ನೆನಪು ಅಲ್ಲಿ ಇಂದಿಗೂ ಜೀವಂತ. ಮಂಜುನಾಥನೆಂಬ ಹೆಸರಿನ ಮೂಲವನ್ನು ಮಂಜುಘೋಷನೆಂಬ ಬೋಧಿಸತ್ತ್ವನಲ್ಲಿ ಕಂಡ ವಿದ್ವಾಂಸರುಂಟು. ವಿಹಾರವು ಹೋಗಿ ದೇವಾಲಯವು ಉಳಿದಾಗ ಲೋಕೇಶ್ವರನ ಹಲವು ಮುಖಗಳನ್ನು ಕಂಡ ಭಕ್ತರಿಗೆ ನೆನಪಾದವನು ಚತುರ್ಮುಖ. ಕಾಣದ ನಾಲ್ಕನೆಯ ಮುಖವು ಹಿಂದೆ ಇರಬೇಕೆಂಬುದು ಸಹಜವಾದ ಊಹೆ. ಲಕ್ಷಣವನ್ನು ಕೇಳಿದರೆ ಉತ್ತರ ಬೇರೆ. ಬ್ರಹ್ಮನಿಗೆ ಕಮಂಡಲು, ಹಂಸ ಮುಂತಾದ ಗುರುತುಗಳುಂಟು. ಅವಲೋಕಿತೇಶ್ವರನಿಗೆ ಮುಕುಟದಲ್ಲಿ ಧ್ಯಾನಿಬುದ್ಧನಾದ ಅಮಿತಾಭನ ಕಿರುಮೂರ್ತಿಯೇ ಮುಖ್ಯವಾದ ಗುರುತು. ಆ ಕಿರುಮೂರ್ತಿಯನ್ನು ಗಮನಿಸಿದವರಿಗೆ ಪೀಠದ ಶಾಸನವನ್ನು ಓದುವ ಮೊದಲೇ ಸಂಶಯವು ಪರಿಹಾರವಾಗುವುದು.

ಸನ್ನತಿಯನ್ನೂ ಕದಿರೆಯನ್ನೂ ಜೊತೆಯಾಗಿಟ್ಟು ನೋಡಿದರೆ ಒಂದು ತತ್ತ್ವವು ಹೊಳೆಯುವುದು. ಕನಗನಹಳ್ಳಿಯಲ್ಲಿ ಪೂಜೆ ನಿಂತಿತು, ಜನರು ಮರೆತರು, ಮಣ್ಣು ಮುಚ್ಚಿತು. ಆದುದರಿಂದಲೇ ಹೆಸರುಗಳು ಅಳಿಯದೆ ಉಳಿದುವು. ಕದಿರೆಯಲ್ಲಿ ಹೆಸರು ಬದಲಾಯಿತು, ಪೂಜೆ ನಿಲ್ಲಲಿಲ್ಲ; ಆದುದರಿಂದಲೇ ಮೂರ್ತಿಯು ಕರಗದೆ, ಕಳೆಯದೆ ಉಳಿಯಿತು. ಸನ್ನತಿಯ ಕಾಳಿಯ ಗುಡಿಯಲ್ಲಿ ಎರಡೂ ಅರ್ಧರ್ಧ ನಡೆದುವು. ಪೂಜೆಯು ಕಲ್ಲನ್ನು ಕಾಪಾಡಿತು, ಪೂಜೆಯ ಸಲುವಾಗಿಯೇ ಅಕ್ಷರಗಳು ಕಡಿದುಹೋದುವು. ಹೀಗಿರಲು ಹಿಂದಿನವರನ್ನು ದೂರುವುದರಿಂದ ಪ್ರಯೋಜನವಿಲ್ಲ. ಬ್ರಹ್ಮನೆಂದು ಕೈಮುಗಿದವರಿಂದಲೇ ಲೋಕೇಶ್ವರನು ಇಂದು ಕಣ್ಣಿಗೆ ಕಾಣುತ್ತಿರುವನು. ಅವರ ಭಕ್ತಿಯನ್ನು ಕೆಡಿಸದೆ ಮೂರ್ತಿಗೆ ಅದರ ಹಳೆಯ ಹೆಸರನ್ನೂ ಉಳಿಸಿಕೊಡುವುದು ವಿದ್ಯಾವಂತರ ಪಾಲಿನ ಕರ್ತವ್ಯ.

ಅದಕ್ಕೆ ಬೇಕಾದುದು ದೊಡ್ಡ ಸಾಧನಸಾಮಗ್ರಿಯಲ್ಲ. ತೋಟದ ಅಗಳಿನಲ್ಲಿ, ಕೆರೆಯ ಮೆಟ್ಟಿಲಲ್ಲಿ, ಗುಡಿಯ ಜೀರ್ಣೋದ್ಧಾರದ ಅಗೆತದಲ್ಲಿ ಮುರುಕು ಮೂರ್ತಿಯೊಂದು ಸಿಕ್ಕಾಗ ಅದನ್ನು ಒಗೆಯುವ ಕಲ್ಲಾಗಿಯೋ ಹೊಸ್ತಿಲಾಗಿಯೋ ಹಾಕುವ ಮೊದಲು ಅದರ ಕೈ, ತಲೆ, ಹೆಗಲು, ಪೀಠಗಳನ್ನು ನೋಡಿ, ಅಕ್ಷರವಿದ್ದರೆ ಬಲ್ಲವರಿಗೆ ತೋರಿಸುವಷ್ಟು ತಾಳ್ಮೆ ಇದ್ದರೆ ಸಾಕು. ಅಮರಸಿಂಹನು ಬುದ್ಧನ ಹೆಸರುಗಳನ್ನು ಬ್ರಹ್ಮನ ಹೆಸರುಗಳ ಪಕ್ಕದಲ್ಲಿಯೇ ಇಟ್ಟನು. ಆದರೆ ಒಂದನ್ನು ಇನ್ನೊಂದರಲ್ಲಿ ಬೆರೆಸಲಿಲ್ಲ. ಕಂಠಪಾಠ ಮಾಡಿದವರು ಕಲಿಯಬೇಕಾದ ವಿವೇಕವೂ ಅದೇ.